ನಾಣ್ಯ ಕೈಗೆಟುಕದಿದ್ದರೆ ಕ್ಯಾಟಲಾಗ್ ಹಿಡಿಯಿರಿ: ಕಲಬುರಗಿಯಲ್ಲಿ ಕೂತು ಹರಾಜು ಪುಸ್ತಕ ಕೂಡಿಸುವ ಬಗೆ

ಸೂಪರ್ ಮಾರ್ಕೆಟ್ ಕಡೆಯ ಒಂದು ರದ್ದಿ ಅಂಗಡಿ. ತೂಕಕ್ಕೆ ಬಂದ ಹಳೇ ಗೈಡುಗಳ ನಡುವೆ ಮಿಂಚುವ ರಟ್ಟಿನ ಒಂದು ದಪ್ಪ ಪುಸ್ತಕ ಕಂಡಿತು. ತೆರೆದರೆ ಪುಟದ ತುಂಬ ನಾಣ್ಯಗಳು. ಪಕ್ಕದಲ್ಲಿ ನಂಬರು, ತೂಕ, ಬೆಲೆ. "ಇದ್ರಾಗ ಓದ್ಲಿಕ್ಕ ಏನದರಿ ಸರ, ಬರೇ ರೊಕ್ಕದ ಫೋಟೋ ಅವ" ಅಂದ ಅಂಗಡಿಯವ. ನಲವತ್ತು ರೂಪಾಯಿ ಕೊಟ್ಟು ತಂದೆ. ಮನೆಗೆ ಬಂದು ನೋಡಿದರೆ ಅದರಲ್ಲೊಂದು ಬೆಳ್ಳಿ ಟಂಕಾ. ಟಂಕಸಾಲೆಯ ಹೆಸರು ಅಹ್ಸನಾಬಾದ್. ಅಂದರೆ ನಮ್ಮ ಕಲಬುರಗಿಯೇ. ನಮ್ಮೂರಲ್ಲಿ ಹೊಡೆದ ನಾಣ್ಯದ ಮುಖವನ್ನು ನಾನು ಮೊದಲ ಸಲ ನೋಡಿದ್ದು ಹೀಗೆ, ರದ್ದಿಯಲ್ಲಿ.

ಅಂಥ ನಾಣ್ಯ ಕೊಳ್ಳುವ ಶಕ್ತಿ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಹರಾಜು ಕ್ಯಾಟಲಾಗ್ ಕೊಳ್ಳಬಹುದು. ಒಂದೇ ಪುಸ್ತಕದಲ್ಲಿ ನೂರಾರು ನಾಣ್ಯಗಳ ಚಿತ್ರ, ತೂಕ, ಬರಹ ಎಲ್ಲ ಸಿಗುತ್ತವೆ. ಹರಾಜು ಮುಗಿದ ಮೇಲೆ ಆ ನಾಣ್ಯಗಳು ಯಾರ್ಯಾರದೋ ಲಾಕರ್ ಸೇರುತ್ತವೆ, ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಉಳಿಯುವುದು ಈ ಪುಸ್ತಕ ಮಾತ್ರ. ಹಾಗಾಗಿ ಇದನ್ನು ಸುಮ್ನೆ ಬೆಲೆಪಟ್ಟಿ ಅಂದುಕೊಳ್ಳಬೇಡಿ. ಹೊಸದಾಗಿ ಕೂಡಿಸಲು ಹೊರಟವರಿಗೆ ನಾನು ಕಲಿತದ್ದನ್ನು, ಕೈ ಸುಟ್ಟುಕೊಂಡದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಎಳೆ ಹಿಡಿಯಿರಿ

ಸಿಕ್ಕಿದ್ದೆಲ್ಲ ಕೊಂಡರೆ ಎರಡು ವರ್ಷದಲ್ಲಿ ಕಪಾಟು ತುಂಬುತ್ತದೆ, ತಲೆ ಖಾಲಿ ಉಳಿಯುತ್ತದೆ. ರೋಮನ್ ನಾಣ್ಯಗಳ ಚೆಂದದ ಕ್ಯಾಟಲಾಗ್‌ಗಳನ್ನು ಶುರುವಿನಲ್ಲಿ ನಾನೂ ರಾಶಿ ಹಾಕಿದ್ದೆ. ಇವತ್ತಿಗೂ ಅವುಗಳ ಒಂದು ಸಾಲು ಓದಿಲ್ಲ.

ನಮ್ಮ ಕಡೆಯವರಿಗೆ ಎಳೆ ಹುಡುಕಲು ದೂರ ಹೋಗಬೇಕಿಲ್ಲ. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ಆಳ್ವಿಕೆ ಶುರುವಾಯಿತು. ಊರಿಗೆ ಅಹ್ಸನಾಬಾದ್ ಎಂದು ಹೆಸರಿಟ್ಟರು. ಮುಂದಿನ ಶತಮಾನದಲ್ಲಿ ಅಹ್ಮದ್ ಶಾ ರಾಜಧಾನಿಯನ್ನು ಬೀದರಿಗೆ ಒಯ್ದ ಮೇಲೆ ಅದು ಮುಹಮ್ಮದಾಬಾದ್ ಆಯಿತು. ಬಹಮನಿಗಳ ನಂತರ ಬೀದರಿನಲ್ಲಿ ಬರೀದ್ ಶಾಹಿಗಳ ತಾಮ್ರದ ನಾಣ್ಯ ಬಂತು. ಔರಂಗಜೇಬ್ ಬೀದರ್ ಗೆದ್ದ ಮೇಲೆ ಅದು ಜಫರಾಬಾದ್ ಆಯಿತು, ಆ ಹೆಸರಿನ ಮೊಘಲ್ ರೂಪಾಯಿಗಳಿವೆ. ಹಿಂದಕ್ಕೆ ಹೋದರೆ ಬಸವಕಲ್ಯಾಣದಿಂದ ಆಳಿದ ಚಾಲುಕ್ಯರ ಚಿನ್ನದ ನಾಣ್ಯಗಳು. ಮುಂದಕ್ಕೆ ಬಂದರೆ ನಿಜಾಮರ ಹಾಲಿ ಸಿಕ್ಕಾ. ಇವುಗಳಲ್ಲಿ ಒಂದನ್ನು ಹಿಡಿದರೂ ಹತ್ತು ವರ್ಷಕ್ಕೆ ಸಾಕು.

ಹಾಲಿ ಸಿಕ್ಕಾ ಅಂದಾಗ ನೆನಪಾಯಿತು. ನಮ್ಮ ಮನೆಯ ಹಿರಿಯರು ಲೆಕ್ಕ ಹೇಳುವಾಗ "ಹಾಲಿಯೋ, ಕಲ್ದಾರೋ?" ಎಂದು ಕೇಳುತ್ತಿದ್ದರು. ಹಾಲಿ ನಿಜಾಮರದ್ದು, ಕಲ್ದಾರ್ ಬ್ರಿಟಿಷರದ್ದು. ಹೆಚ್ಚುಕಡಿಮೆ ಏಳು ಹಾಲಿಗೆ ಆರು ಕಲ್ದಾರ್. ಈ ಭಾಗದ ಹಳೇ ಮನೆಗಳಲ್ಲಿ ಚಾರ್ಮಿನಾರ್ ಚಿತ್ರದ ಒಂದಾದರೂ ನಾಣ್ಯ ಪೂಜೆ ಡಬ್ಬಿಯಲ್ಲಿ ಇದ್ದೇ ಇರುತ್ತದೆ. ಹೊಸಬರು ಇಲ್ಲಿಂದಲೇ ಶುರು ಮಾಡಬಹುದು. ನಾಣ್ಯವೂ ಕೈಯಲ್ಲಿರುತ್ತದೆ, ಕ್ಯಾಟಲಾಗ್ ಜೊತೆ ಹೋಲಿಸಿಯೂ ನೋಡಬಹುದು.

ನನ್ನ ಎಳೆ ಅಹ್ಸನಾಬಾದ್ ಮತ್ತು ಮುಹಮ್ಮದಾಬಾದ್. ಇವು ಬಾರದ ಕ್ಯಾಟಲಾಗ್ ಎಷ್ಟೇ ಅಂದವಾಗಿರಲಿ, ಪುಕ್ಕಟೆ ಕೊಟ್ಟರಷ್ಟೇ ತರುತ್ತೇನೆ.

ಲಾಟ್ ಓದಲು ಕಲಿಯಿರಿ

ಕೊಳ್ಳುವುದಕ್ಕಿಂತ ಮೊದಲು ಓದಲು ಬರಬೇಕು. ಹರಾಜಿಗೆ ನಂಬರು ಹಾಕಿ ಇಟ್ಟ ಒಂದೊಂದು ಬಾಬತ್ತಿಗೆ ಲಾಟ್ ಅನ್ನುತ್ತಾರೆ. ಒಂದು ಲಾಟ್‌ನ ವಿವರಣೆ ನಾಲ್ಕೈದು ಸಾಲು ಇರುತ್ತದೆ, ಅರ್ಧ ಸಂಕೇತಗಳೇ. ಎವಿ ಅಂದರೆ ಚಿನ್ನ, ಎಆರ್ ಅಂದರೆ ಬೆಳ್ಳಿ, ಎಇ ಅಂದರೆ ತಾಮ್ರ ಅಥವಾ ಅದರ ಬೆರಕೆ. ಇವು ಲ್ಯಾಟಿನ್ ಹೆಸರುಗಳ ಮೊಟಕು. ಎಎಚ್ ಅಂದರೆ ಹಿಜರಿ ವರ್ಷ. ಆರ್‌ವೈ ಅಂದರೆ ದೊರೆ ಪಟ್ಟಕ್ಕೆ ಬಂದು ಎಷ್ಟನೇ ವರ್ಷ ಎಂಬುದು. ವಿಎಫ್, ಎಕ್ಸ್‌ಎಫ್, ಯುಎನ್‌ಸಿ ಇವೆಲ್ಲ ನಾಣ್ಯ ಎಷ್ಟು ಸವೆದಿದೆ ಎಂಬುದರ ದರ್ಜೆ.

ಹಿಜರಿಯನ್ನು ನಮ್ಮ ಇಸವಿಗೆ ತರಲು ಒಂದು ಸುಲಭದ ಲೆಕ್ಕವಿದೆ. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿ. ಫಿರೋಜ್ ಶಾ ಬಹಮನಿ ಪಟ್ಟವೇರಿದ್ದು ಹಿಜರಿ 800ರಲ್ಲಿ. 776ಕ್ಕೆ 622 ಕೂಡಿಸಿದರೆ 1398. ನಿಜಕ್ಕೂ ಅದು 1397ರ ಕೊನೆಗೆ ಬರುತ್ತದೆ, ಏಕೆಂದರೆ ಹಿಜರಿ 800 ಶುರುವಾದದ್ದು 1397ರ ಸೆಪ್ಟೆಂಬರಿನಲ್ಲಿ. ಚಾಂದ್ರಮಾನ ವರ್ಷಕ್ಕೆ 354 ದಿನ, ಹಾಗಾಗಿ ಒಂದು ವರ್ಷದ ಆಚೀಚೆ ಆಗುತ್ತದೆ. ಅಷ್ಟು ಸಾಕು.

ಆಮೇಲೆ ಗ್ರಂಥದ ನಂಬರು. ಸುಲ್ತಾನರ ನಾಣ್ಯಗಳಿಗೆ ಈಗಿನ ಕ್ಯಾಟಲಾಗ್‌ಗಳು ಹೆಚ್ಚಾಗಿ ಗೋರನ್ ಮತ್ತು ಗೋಯೆಂಕಾ ಅವರ 2001ರ ಪುಸ್ತಕದ ಸಂಖ್ಯೆ ಕೊಡುತ್ತವೆ. ಬಹಮನಿ ನಾಣ್ಯಕ್ಕೆ ಬಿಎಚ್ ಎಂದು ಶುರುವಾಗುತ್ತದೆ. ಹಾಲಿ ಸಿಕ್ಕಾದಂಥ ಈಚಿನ ನಾಣ್ಯಕ್ಕೆ ಕೆಎಂ ಸಂಖ್ಯೆ, ಅಂದರೆ ಕ್ರೌಸ್ ಮತ್ತು ಮಿಶ್ಲರ್ ಅವರ ನಾಣ್ಯ ಪುಸ್ತಕದ ಸಂಖ್ಯೆ, ಇರುತ್ತದೆ. ಈ ಸಂಖ್ಯೆ ಬರೆದಿಟ್ಟುಕೊಂಡರೆ ಬೇರೆ ಬೇರೆ ಕ್ಯಾಟಲಾಗ್‌ಗಳಲ್ಲಿ ಒಂದೇ ಜಾತಿಯ ನಾಣ್ಯವನ್ನು ಥಟ್ಟನೆ ಹಿಡಿಯಬಹುದು.

ಇನ್ನು ಊರಿನ ಹೆಸರು. ಇಲ್ಲಿ ನಾನು ಬಹಳ ಹೊತ್ತು ಕಳೆದುಕೊಂಡಿದ್ದೇನೆ. ಹಳೇ ಕ್ಯಾಟಲಾಗ್‌ಗಳಲ್ಲಿ ಗುಲ್ಬರ್ಗಾ ಎಂದು ಹುಡುಕಿದರೆ ಎಲ್ಲ ಸಲವೂ ಸಿಗುವುದಿಲ್ಲ. ಕುಲ್ಬರ್ಗಾ, ಕಲ್ಬರ್ಗಾ, ಅಹ್ಸನಾಬಾದ್, ಹಸನಾಬಾದ್ ಹೀಗೆ ನಾನಾ ಅವತಾರ. ಬೀದರ್ ಬೇದರ್ ಆಗಿರುತ್ತದೆ, ಮುಹಮ್ಮದಾಬಾದ್ ಆಗಿರುತ್ತದೆ, ಜಫರಾಬಾದ್ ಕೂಡ. ಮುಹಮ್ಮದಾಬಾದ್ ಎಂಬ ಹೆಸರಿನ ಟಂಕಸಾಲೆ ಬನಾರಸ್ಸಿಗೂ ಇತ್ತು, ಅದನ್ನು ಕಂಡು ಮೋಸ ಹೋಗಬೇಡಿ. ದೊರೆಯ ಹೆಸರು ನೋಡಿ ಖಾತ್ರಿ ಮಾಡಿಕೊಳ್ಳಿ. ಮೊಘಲರ ರೂಪಾಯಿಗಳಲ್ಲಿ ಇನ್ನೊಂದು ತೊಂದರೆ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಹೊಡೆದಾಗ ಊರ ಹೆಸರು ಅರ್ಧ ಅಂಚಿನಾಚೆ ಹೋಗಿರುತ್ತದೆ. ಬರೆದವರು ಊಹೆ ಮಾಡಿದ್ದರೆ ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿರುತ್ತಾರೆ. ಆ ಚಿಹ್ನೆಯನ್ನು ಹಾರಿಸಿ ಓದಬೇಡಿ.

ತೂಕವನ್ನು ಮಾತ್ರ ಯಾವತ್ತೂ ಬಿಡಬೇಡಿ. ಬಹಮನಿಗಳ ಬೆಳ್ಳಿ ಟಂಕಾ ಹತ್ತಿರಹತ್ತಿರ 11 ಗ್ರಾಂ ಇರುತ್ತದೆ. ಚಿತ್ರ ಚೆನ್ನಾಗಿದ್ದು ತೂಕ ಒಂಬತ್ತೂವರೆ ಇದ್ದರೆ ಏನೋ ಎಡವಟ್ಟಿದೆ. ಒಂದೋ ಅಂಚು ಕತ್ತರಿಸಿದ್ದಾರೆ, ಇಲ್ಲವೇ ನಕಲಿ. ಎರಕದ ನಕಲಿಗಳನ್ನು ಹಿಡಿಯಲು ಕ್ಯಾಟಲಾಗ್‌ನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಎರಡು ಹರಾಜುಗಳಲ್ಲಿ ಬಂದ ಎರಡು ನಾಣ್ಯಗಳಿಗೆ ಒಂದೇ ಜಾಗದಲ್ಲಿ ಒಂದೇ ತರದ ಗೀರು, ಅಂಚಿನಲ್ಲಿ ಒಂದೇ ತರದ ಮುಕ್ಕು ಇದ್ದರೆ ಎರಡರ್ಥ. ಎರಡೂ ಒಂದೇ ನಾಣ್ಯ ಇರಬೇಕು. ತೂಕ ಬೇರೆ ಬೇರೆ ಇದ್ದರೆ ಕನಿಷ್ಠ ಒಂದಾದರೂ ಅಚ್ಚು ತೆಗೆದು ಎರಕ ಹೊಯ್ದದ್ದು.

ಹಳೇ ಕ್ಯಾಟಲಾಗ್‌ಗಳ ಚಿತ್ರಗಳ ಬಗ್ಗೆ ಒಂದು ಮಾತು. ನೂರು ವರ್ಷದ ಹಿಂದಿನವುಗಳಲ್ಲಿ ಚಿತ್ರಗಳೆಲ್ಲ ಕೊನೆಯ ಪ್ಲೇಟುಗಳಲ್ಲಿ, ಅಂದರೆ ಬರೀ ಚಿತ್ರಗಳಿಗೇ ಮೀಸಲಾದ ಪುಟಗಳಲ್ಲಿ ಇರುತ್ತವೆ. ನಾಣ್ಯಗಳು ಹಾಲಿನಂತೆ ಬೆಳ್ಳಗೆ ಕಾಣುತ್ತವೆ. ಮೊದಲು ನಾನು ಇದು ಮುದ್ರಣದ ದೋಷ ಅಂದುಕೊಂಡಿದ್ದೆ. ಅಲ್ಲ. ಲೋಹದ ಹೊಳಪು ಫೋಟೋಗೆ ಕಾಟ ಕೊಡುತ್ತದೆಂದು ಪ್ಲಾಸ್ಟರ್‌ನಲ್ಲಿ ನಾಣ್ಯದ ಅಚ್ಚು ತೆಗೆದು ಅದರ ಫೋಟೋ ಹೊಡೆಯುತ್ತಿದ್ದರು. ಹಾಗಾಗಿ ಬಣ್ಣ, ಕಿಲುಬು ಏನೂ ತಿಳಿಯುವುದಿಲ್ಲ. ಆದರೆ ಅಕ್ಷರಗಳು ಎಷ್ಟು ಸ್ಪಷ್ಟ ಅಂದರೆ ಇವತ್ತಿನ ಬಣ್ಣದ ಫೋಟೋಗಳೂ ನಾಚಬೇಕು.

ಎಲ್ಲಿ ಸಿಗುತ್ತವೆ

ಇವತ್ತಿನ ಕ್ಯಾಟಲಾಗ್ ಸುಲಭ. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈಯ ಟೋಡಿವಾಲಾ ಮತ್ತು ಓಸ್ವಾಲ್, ಅಹಮದಾಬಾದಿನ ಕ್ಲಾಸಿಕಲ್ ನ್ಯೂಮಿಸ್ಮ್ಯಾಟಿಕ್ ಗ್ಯಾಲರಿ, ಇವರೆಲ್ಲ ಹರಾಜು ನಡೆಸುವವರು. ಫೋನ್ ಮಾಡಿ ಅಥವಾ ಮೇಲ್ ಬರೆದು ಮುದ್ರಿತ ಪ್ರತಿ ಕೇಳಿ. ಅಂಚೆ ವಿಳಾಸದ ಜೊತೆಗೆ ನಿಮ್ಮ ಆಸಕ್ತಿ ಏನು ಅಂತ ಎರಡು ಸಾಲು ಬರೆಯಿರಿ. "ನಾನು ಬಿಡ್ ಮಾಡುವವನಲ್ಲ, ಕ್ಯಾಟಲಾಗ್ ಕೂಡಿಸುತ್ತೇನೆ, ದುಡ್ಡು ಕೊಡುತ್ತೇನೆ" ಎಂದು ನೇರ ಹೇಳುವುದೇ ಒಳ್ಳೆಯದು. ಹರಾಜು ಮುಗಿದ ತಿಂಗಳಲ್ಲಿ ಕೇಳಿದರೆ ಉಳಿದ ಪ್ರತಿ ಸಿಗುವ ಸಾಧ್ಯತೆ ಜಾಸ್ತಿ. ಪಿಡಿಎಫ್ ಇದ್ದರೆ ಅವತ್ತೇ ಇಳಿಸಿಕೊಳ್ಳಿ. ವೆಬ್‌ಸೈಟ್ ಬದಲಾದರೆ ಹಳೇ ಕೊಂಡಿ ಮಾಯವಾಗುತ್ತದೆ, ನನಗೆ ಎರಡು ಸಲ ಆಗಿದೆ.

ವಿದೇಶದಲ್ಲಿ ಲಂಡನ್ನಿನ ಸ್ಪಿಂಕ್, ಅಮೆರಿಕದ ಸ್ಟೀಫನ್ ಆಲ್ಬಮ್ ಇವರ ಹರಾಜುಗಳಲ್ಲಿ ದಖ್ಖನ್ನಿನ ಸುಲ್ತಾನರ ನಾಣ್ಯ ಬರುತ್ತಿರುತ್ತದೆ. ಅಲ್ಲಿಂದ ಪುಸ್ತಕ ತರಿಸಿದರೆ ಪುಸ್ತಕಕ್ಕಿಂತ ಅಂಚೆಯ ಖರ್ಚೇ ಜಾಸ್ತಿ. ಅಂಥವುಗಳಿಗೆ ಪಿಡಿಎಫ್ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಹಳೆಯವು ಬೇಕಾದರೆ ಓಡಾಡಬೇಕು. ನಮಗೆ ಹೈದರಾಬಾದ್ ಹತ್ತಿರ, ಅದೇ ದೊಡ್ಡ ಅನುಕೂಲ. ಆಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತ್ ಮೇಲೆ ಹಳೇ ಪುಸ್ತಕ ಹರಡುತ್ತಾರೆ. ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಅಂಗಡಿ ಹಚ್ಚುವ ಹೊತ್ತಿಗೆ ಅಲ್ಲಿರಬಹುದು. ಇತಿಹಾಸದ ಪುಸ್ತಕಗಳ ನಡುವೆ ಹುಡುಕಬೇಡಿ. ಮಾರುವವರು ಇವನ್ನು ಒಡವೆ, ಫ್ಯಾಷನ್, ಕಲೆ ಅಂತ ಮಿಂಚುವ ಮ್ಯಾಗಜೀನ್‌ಗಳ ಗುಂಪಿಗೆ ಹಾಕಿರುತ್ತಾರೆ. ಮುಂಬೈಗೆ ನಮ್ಮಲ್ಲಿಂದ ನೇರ ರೈಲುಗಳಿವೆ, ಫೋರ್ಟ್ ಕಡೆಯೂ ಒಂದು ಸುತ್ತು ಹಾಕಬಹುದು. ಕಲಬುರಗಿ, ಬೀದರಿನ ರದ್ದಿ ಅಂಗಡಿಯವರಿಗೆ ನಿಮ್ಮ ನಂಬರ್ ಕೊಟ್ಟಿಡಿ. ವರ್ಷಕ್ಕೊಮ್ಮೆ ಫೋನ್ ಬಂದರೂ ಲಾಭವೇ. ನಾಣ್ಯ ಕೂಡಿಸುವ ಹಿರಿಯರು ತೀರಿಕೊಂಡ ಮನೆಗಳಲ್ಲಿ ನಾಣ್ಯಗಳಿಗೆ ಗಿರಾಕಿ ಸಿಗುತ್ತಾರೆ, ಕ್ಯಾಟಲಾಗ್ ಮಾತ್ರ ರದ್ದಿಗೆ ಹೋಗುತ್ತದೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ತೀರಾ ಹಳೆಯವುಗಳನ್ನು ಕೊಳ್ಳುವ ಮೊದಲು ಪುಕ್ಕಟೆ ನೋಡಿ. ಅಮೆರಿಕದ ನ್ಯೂಮನ್ ನ್ಯೂಮಿಸ್ಮ್ಯಾಟಿಕ್ ಪೋರ್ಟಲ್ ಮತ್ತು ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ ರಾಶಿ ರಾಶಿ ಹಳೇ ಹರಾಜು ಕ್ಯಾಟಲಾಗ್‌ಗಳನ್ನು ಸ್ಕ್ಯಾನ್ ಮಾಡಿ ಇಟ್ಟಿವೆ. ಭಾರತದಲ್ಲಿ ಅಧಿಕಾರಿಯಾಗಿದ್ದ ವೈಟ್ ಕಿಂಗ್ ಕೂಡಿಸಿದ್ದ ನಾಣ್ಯಗಳನ್ನು 1904–05ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಾಣ್ಯ ವ್ಯಾಪಾರಿ ಶುಲ್ಮನ್ ಹರಾಜು ಹಾಕಿದ. ಭಾರತದ ನಾಣ್ಯಗಳನ್ನು ಓದುವವರು ಈಗಲೂ ಆ ಕ್ಯಾಟಲಾಗ್ ತೆರೆಯುತ್ತಾರೆ. ನಾಸಿಕ್ ಹತ್ತಿರದ ಅಂಜನೇರಿಯಲ್ಲಿ ನಾಣ್ಯಶಾಸ್ತ್ರದ ಸಂಶೋಧನಾ ಸಂಸ್ಥೆಯಿದೆ. ಒಮ್ಮೆಯಾದರೂ ಹೋಗಿ ಬನ್ನಿ.

ನಮ್ಮ ಭಾಗದವರು ಕಣ್ಣಿಟ್ಟಿರಬೇಕಾದ ಒಂದು ಕ್ಯಾಟಲಾಗ್ ಹೇಳುತ್ತೇನೆ. 1987ರ ನವೆಂಬರಿನಲ್ಲಿ ಜಿನೀವಾದಲ್ಲಿ ಹಾಬ್ಸ್‌ಬರ್ಗ್ ಫೆಲ್ಡ್‌ಮನ್ ಎಂಬ ಹರಾಜು ಮನೆ ಜಹಾಂಗೀರನ ಸಾವಿರ ಮೊಹರಿನ ಚಿನ್ನದ ನಾಣ್ಯವನ್ನು ಹರಾಜಿಗೆ ಇಟ್ಟಿತು. ತೂಕ ಸುಮಾರು 12 ಕಿಲೋ. ಅಗಲ 20 ಸೆಂಟಿಮೀಟರ್. 1613ರಲ್ಲಿ ಆಗ್ರಾದಲ್ಲಿ ಹೊಡೆದದ್ದು. ಹೈದರಾಬಾದ್ ನಿಜಾಮರ ಮನೆತನದ ಕೈಯಲ್ಲಿತ್ತು ಎಂದು ಹೇಳಲಾಗುವ ನಾಣ್ಯ. ನಮ್ಮ ಅಜ್ಜಂದಿರು ಕಂದಾಯ ಕಟ್ಟುತ್ತಿದ್ದ ಖಜಾನೆಯ ಕಥೆ ಅದು, ಅಲ್ವಾ? ಆ ಹರಾಜಿನ ಕ್ಯಾಟಲಾಗ್ ನನ್ನ ಬಳಿ ಇಲ್ಲ. ಯಾರಿಗಾದರೂ ಸಿಕ್ಕರೆ ತೂಕಕ್ಕೆ ಹಾಕಬೇಡಿ.

ಬೆಲೆಪಟ್ಟಿ ಇಲ್ಲದ ಕ್ಯಾಟಲಾಗ್ ಅರ್ಧ ಕ್ಯಾಟಲಾಗ್

ಪುಸ್ತಕದಲ್ಲಿ ಅಚ್ಚಾಗಿರುವುದು ಅಂದಾಜು ಬೆಲೆ. ನಿಜವಾಗಿ ಎಷ್ಟಕ್ಕೆ ಹೋಯಿತು ಎಂಬುದು ಹರಾಜಿನ ನಂತರ ಒಂದೆರಡು ಹಾಳೆಯಾಗಿ ಬೇರೆ ಬರುತ್ತದೆ. ಮೊದಮೊದಲು ನಾನು ಈ ಸಡಿಲ ಹಾಳೆಗಳನ್ನು ಜಾಹೀರಾತು ಅಂದುಕೊಂಡು ಎಸೆದಿದ್ದೆ. ಈಗ ಅವೇ ಹಾಳೆಗಳನ್ನು ಕೇಳಿಕೊಂಡು ಪತ್ರ ಬರೆಯುತ್ತಿದ್ದೇನೆ. ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ, "ಬೆಲೆಪಟ್ಟಿ ಇದೆಯಾ?" ಇಲ್ಲದಿದ್ದರೆ ಚೌಕಾಸಿ ಮಾಡಿ. ಹಾಳೆ ಇದ್ದರೆ ಹಿಂಬದಿಯ ರಟ್ಟಿಗೆ ಒಂದು ಕಾಗದದ ಜೇಬು ಮಾಡಿ ಅದರಲ್ಲಿಡಿ. ಸ್ಟೇಪ್ಲರ್ ಹೊಡೆಯಬೇಡಿ, ಪಿನ್ನಿಗೆ ತುಕ್ಕು ಹಿಡಿಯುತ್ತದೆ.

ಯಾರೋ ಪೆನ್ಸಿಲಿನಿಂದ ಅಂಚಿನಲ್ಲಿ ಬೆಲೆ ಗುರುತು ಹಾಕಿದ್ದರೆ ಪುಸ್ತಕ ಹಾಳಾಗಿದೆ ಎಂದು ಮೂಗು ಮುರಿಯಬೇಡಿ. ಹರಾಜಿನ ಕೋಣೆಯಲ್ಲಿ ಕೂತವರು ಬರೆದ ಬೆಲೆ, ಕೊಂಡವರ ಹೆಸರು, ಇವು ಆ ಪ್ರತಿಯ ಬೆಲೆಯನ್ನು ಏರಿಸುತ್ತವೆ. ರಬ್ಬರ್ ಹಚ್ಚಿ ಅಳಿಸಿದ ಮಹಾನುಭಾವರನ್ನೂ ನಾನು ಕಂಡಿದ್ದೇನೆ.

ಬೆಲೆ ಓದುವಾಗ ಎರಡು ವಿಷಯ ನೆನಪಿರಲಿ. ಸುತ್ತಿಗೆ ಬಿದ್ದ ಬೆಲೆಯೇ ಕೊಂಡವರು ಕೊಟ್ಟ ಬೆಲೆಯಲ್ಲ. ಅದರ ಮೇಲೆ ಹರಾಜು ಮನೆಯ ಕಮಿಷನ್, ನಮ್ಮಲ್ಲಾದರೆ ಜಿಎಸ್‌ಟಿ ಸೇರುತ್ತದೆ. ಪಟ್ಟಿಯಲ್ಲಿ ಕಮಿಷನ್ ಸೇರಿದೆಯೋ ಇಲ್ಲವೋ ಎಂದು ಮೇಲಿನ ಸಣ್ಣ ಅಕ್ಷರ ನೋಡಿ. ಲಂಡನ್ನಿನ ದೊಡ್ಡ ಹರಾಜು ಮನೆಗಳು ಕೊಳ್ಳುವವರಿಂದ ಕಮಿಷನ್ ತೆಗೆದುಕೊಳ್ಳಲು ಶುರು ಮಾಡಿದ್ದು 1975ರಲ್ಲಿ. ಹಾಗಾಗಿ ಅದರಾಚೆಯ ಮತ್ತು ಈಚೆಯ ಬೆಲೆಗಳನ್ನು ಒಂದೇ ತಕ್ಕಡಿಯಲ್ಲಿ ಇಡಬೇಡಿ. ಇನ್ನು 1971ರ ಫೆಬ್ರವರಿಗೆ ಮೊದಲಿನ ಲಂಡನ್ ಪಟ್ಟಿಯಾದರೆ ಪೌಂಡ್, ಶಿಲ್ಲಿಂಗ್, ಪೆನ್ಸ್ ಲೆಕ್ಕ. ಒಂದು ಪೌಂಡಿಗೆ 20 ಶಿಲ್ಲಿಂಗ್, ಒಂದು ಶಿಲ್ಲಿಂಗಿಗೆ 12 ಪೆನ್ಸ್. ಅಣೆ-ಪೈ ಲೆಕ್ಕ ಕೇಳಿ ಬೆಳೆದವರಿಗೆ ಇದೇನೂ ಕಷ್ಟವಲ್ಲ.

ಕೊಳ್ಳುವಾಗ

ಪುಟ ಎಣಿಸಿ. ಕೊನೆಯ ಪ್ಲೇಟುಗಳು ಇವೆಯಾ ನೋಡಿ, ಚಿತ್ರ ಕತ್ತರಿಸಿಕೊಂಡವರು ಇರುತ್ತಾರೆ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ರಟ್ಟು, ಬೆನ್ನು, ಪ್ಲೇಟಿನ ಒಂದು ಪುಟ, ಬೆಲೆಪಟ್ಟಿ ಈ ನಾಲ್ಕರ ಫೋಟೋ ತರಿಸಿಕೊಳ್ಳಿ. ಒಬ್ಬ ಮಾರಾಟಗಾರ ನನಗೆ "ಪೂರ್ತಿ ಇದೆ" ಎಂದು ಕಳಿಸಿದ ಪುಸ್ತಕದಲ್ಲಿ ಬಹಮನಿ ಪುಟಗಳೇ ಇರಲಿಲ್ಲ. ದುಡ್ಡು ವಾಪಸ್ ಬರಲಿಲ್ಲ. ತಪ್ಪು ನನ್ನದೂ ಹೌದು, ಫೋಟೋ ಕೇಳಿರಲಿಲ್ಲ.

ಕಾನೂನಿನ ವಿಷಯ ಚಿಕ್ಕದಾಗಿ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತದೆ, ದೇಶದ ಹೊರಗೆ ಕಳಿಸುವಂತಿಲ್ಲ. ಹೊಲ ಉಳುವಾಗ, ಪಾಯ ತೋಡುವಾಗ ನಾಣ್ಯ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಕ್ಯಾಟಲಾಗ್ ಕೂಡಿಸುತ್ತೀರಿ ಎಂದು ಗೊತ್ತಾದ ಮೇಲೆ "ನಮ್ಮ ಹೊಲದಾಗ ಒಂದು ಗಡಿಗಿ ಸಿಕ್ಕದ" ಎಂದು ಯಾರಾದರೂ ಬಂದೇ ಬರುತ್ತಾರೆ. ಚಹಾ ಕುಡಿಸಿ, ದಾರಿ ಹೇಳಿ ಕಳಿಸಿ. ನೀವು ಕೈ ಹಾಕಬೇಡಿ.

ಬಿಸಿಲು, ಮಳೆ, ಹುಳ

ನಮ್ಮ ಊರಿನ ಮೇ ತಿಂಗಳ ಬಿಸಿಲಿಗೆ ಪುಸ್ತಕದ ಬೆನ್ನಿನ ಗೋಂದು ಒಣಗಿ ಪಟಪಟ ಬಿರಿಯುತ್ತದೆ. ಹೊಸ ಕ್ಯಾಟಲಾಗ್‌ಗಳಿಗೆ ಹೊಲಿಗೆ ಇರುವುದಿಲ್ಲ, ಬರೀ ಗೋಂದು. ಹಾಗಾಗಿ ಅಗಲಕ್ಕೆ ಮಡಚಿ ಓದಬೇಡಿ. ಹೊರಗೋಡೆಗೆ ತಾಗಿದ ಕಪಾಟು, ಅಟ್ಟ ಎರಡೂ ಬೇಡ.

ಅದಕ್ಕಿಂತ ಕೆಟ್ಟದ್ದು ಮಳೆಗಾಲ. ನಮ್ಮ ಮನೆಯ ಗೋಡೆ ಗೂಡುಗಳಿಗೆ ಶಹಾಬಾದ್ ಕಲ್ಲು. ನೋಡಲು ಚೆಂದ, ತಂಪು. ಆದರೆ ಜುಲೈನಲ್ಲಿ ಗೋಡೆ ತೇವ ಎಳೆದುಕೊಂಡರೆ ಕಲ್ಲಿನ ಮೇಲಿಟ್ಟ ಪುಸ್ತಕ ಕೆಳಗಿನಿಂದ ಒದ್ದೆಯಾಗುತ್ತದೆ. ಒಂದು ವರ್ಷ ಹನ್ನೊಂದು ಕ್ಯಾಟಲಾಗ್ ಹೀಗೆ ಹೋದವು. ಆರ್ಟ್ ಪೇಪರ್ ನೆನೆದು ಒಣಗಿದರೆ ಪುಟಗಳು ಇಟ್ಟಿಗೆಯಂತೆ ಅಂಟಿಕೊಳ್ಳುತ್ತವೆ, ಬಿಡಿಸಲು ಹೋದರೆ ಚಿತ್ರ ಕಿತ್ತು ಬರುತ್ತದೆ. ಒದ್ದೆಯಾದದ್ದು ಕಂಡ ತಕ್ಷಣ, ಒಣಗುವ ಮೊದಲೇ, ಒಂದೊಂದೇ ಪುಟ ಬಿಡಿಸಿ ಫ್ಯಾನ್ ಕೆಳಗೆ ನಿಲ್ಲಿಸಬೇಕು. ನಡುವೆ ಮೇಣದ ಕಾಗದ ಹಾಕಬೇಕು. ನಾನು "ನಾಳೆ ಬಿಸಿಲಿಗೆ ಇಟ್ಟರಾಯಿತು" ಅಂದುಕೊಂಡೆ, ಅಲ್ಲಿಗೆ ಮುಗಿಯಿತು.

ಈಗ ಕಲ್ಲಿನ ಮೇಲೆ ಮರದ ಪಟ್ಟಿ ಇಟ್ಟು, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಜೋಡಿಸುತ್ತೇನೆ. ಬಜೆ ಬೇರಿನ ತುಂಡು, ಒಣಗಿದ ಬೇವಿನ ಎಲೆ ಬಟ್ಟೆಯ ಚೀಲದಲ್ಲಿ ಕಟ್ಟಿ ಇಡುತ್ತೇನೆ. ಹಸಿ ಎಲೆ ಇಟ್ಟರೆ ಕಲೆಯಾಗುತ್ತದೆ. ಇದರಿಂದ ಗೆದ್ದಲು ನಿಲ್ಲುತ್ತದೆ ಎಂದು ನಂಬಬೇಡಿ. ಗೆದ್ದಲಿಗೆ ಮದ್ದು ತಿಂಗಳಿಗೊಮ್ಮೆ ಪುಸ್ತಕ ತೆಗೆದು ಹಿಂದೆ ಕಣ್ಣು ಹಾಯಿಸುವುದು, ಅಷ್ಟೇ.

ದಫ್ತರ ಬರೆಯಿರಿ

ಐವತ್ತು ಪುಸ್ತಕ ದಾಟಿದ ಮೇಲೆ ನೆನಪು ಕೈಕೊಡುತ್ತದೆ. ಒಂದೇ ಕ್ಯಾಟಲಾಗನ್ನು ಮೂರು ಸಲ ಕೊಂಡಿದ್ದೇನೆ, ಮೂರನೆಯ ಸಲ ಮನೆಯವರೇ ಹಿಡಿದರು. ಎಕ್ಸೆಲ್ ಬೇಕಾದರೂ ಮಾಡಿ, ಉದ್ದನೆಯ ದಫ್ತರವಾದರೂ ಸರಿ. ಹರಾಜು ಮನೆ, ಹರಾಜಿನ ಸಂಖ್ಯೆ, ದಿನಾಂಕ, ಊರು, ಒಟ್ಟು ಲಾಟ್, ಬೆಲೆಪಟ್ಟಿ ಇದೆಯೋ ಇಲ್ಲವೋ, ಎಲ್ಲಿ ಎಷ್ಟಕ್ಕೆ ಕೊಂಡದ್ದು. ಇದರ ಫೋಟೋ ಫೋನಿನಲ್ಲಿರಲಿ, ಆಬಿಡ್ಸ್ ಫುಟ್‌ಪಾತ್ ಮೇಲೆ ನಿಂತಾಗ ಬೇಕಾಗುತ್ತದೆ. ಪಿಡಿಎಫ್‌ಗಳಿಗೂ ಇದೇ ಕ್ರಮದಲ್ಲಿ ಹೆಸರಿಡಿ, ವರ್ಷ ಮೊದಲು ಬರಲಿ.

ಎರಡನೆಯ ದಫ್ತರವೇ ನಿಜವಾದ ರುಚಿ. ನಿಮ್ಮ ಎಳೆಯ ಪ್ರತಿ ನಾಣ್ಯಕ್ಕೆ ಒಂದು ಸಾಲು. ಯಾವ ಹರಾಜು, ಯಾವ ಲಾಟ್, ತೂಕ ಗ್ರಾಂನಲ್ಲಿ ಎರಡು ದಶಾಂಶದವರೆಗೆ, ಏನಾದರೂ ಗುರುತು, ಎಷ್ಟಕ್ಕೆ ಹೋಯಿತು. ತೂಕದ ಪ್ರಕಾರ ಜೋಡಿಸಿದರೆ ಒಂದೇ ನಾಣ್ಯ ಬೇರೆ ಬೇರೆ ವರ್ಷ ತಲೆ ಎತ್ತುವುದು ಕಾಣಿಸುತ್ತದೆ.

ಆ ರದ್ದಿ ಅಂಗಡಿಯ ಪುಸ್ತಕದ ಟಂಕಾಗೆ ಬಲಗಡೆ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಒಂದು ಮುಕ್ಕು ಇದೆ. ಏಳು ವರ್ಷದ ನಂತರದ ಬೇರೊಂದು ಹರಾಜಿನಲ್ಲಿ ಅದೇ ಮುಕ್ಕು, ಅದೇ ತೂಕ, ಬಣ್ಣ ಮಾತ್ರ ಸ್ವಲ್ಪ ಕಪ್ಪಾಗಿತ್ತು. ವಿವರಣೆಯಲ್ಲಿ ಹಿಂದಿನ ಹರಾಜಿನ ಸುದ್ದಿಯೇ ಇರಲಿಲ್ಲ. ಆಮೇಲೆ ವಿದೇಶದ ಒಂದು ಹಳೇ ಪಿಡಿಎಫ್‌ನಲ್ಲಿಯೂ ಸಿಕ್ಕಿತು, ಅದು ಎರಡಕ್ಕಿಂತ ಮೊದಲಿನದು. ದಫ್ತರದಲ್ಲಿ ಆ ನಾಣ್ಯದ ಕೆಳಗೆ ಈಗ ಮೂರು ಸಾಲುಗಳಿವೆ. ನಾಲ್ಕನೆಯದಕ್ಕೆ ಜಾಗ ಬಿಟ್ಟಿದ್ದೇನೆ.